ಜೂನ್ ಒಂದರ ಗೆರೆ: ಡ್ರಮ್ ಕೋರ್‌ಗಳಲ್ಲಿ ವಯೋಮಿತಿ ಮೀರುವುದು ಹೇಗೆ, ಸಿಕ್ಕಿಬೀಳುವುದು ಹೇಗೆ

1975ರ ಆಗಸ್ಟ್. ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಮೈದಾನದಲ್ಲಿ ನಡೆಯುತ್ತಾ ವಾದ್ಯ ನುಡಿಸುವ ಯುವ ತಂಡಗಳ ಸಂಸ್ಥೆಯಾದ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ ವಾರ್ಷಿಕ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ನ್ಯೂಜೆರ್ಸಿಯ ಹಾಥಾರ್ನ್ ಎಂಬ ಊರಿನ ಮುಚಾಚೋಸ್ ತಂಡ ಆ ವರ್ಷ ಪ್ರಶಸ್ತಿಗೆ ಕಣ್ಣಿಟ್ಟಿದ್ದ ತಂಡಗಳಲ್ಲೊಂದು. ಆದರೆ ಅದರ ಸಾಲಿನಲ್ಲಿ ವಯೋಮಿತಿ ದಾಟಿದವರು ಇದ್ದಾರೆಂಬುದು ಬಯಲಾಗಿ ಇಡೀ ತಂಡ ಅನರ್ಹಗೊಂಡಿತು. ಪ್ರಶಸ್ತಿ ಮ್ಯಾಡಿಸನ್ ಸ್ಕೌಟ್ಸ್ ಪಾಲಾಯಿತು. ಅದೇ ಹಾಥಾರ್ನ್‌ನಲ್ಲಿ ಕ್ಯಾಬಲೆರೋಸ್ ಎಂಬ ಇನ್ನೊಂದು ತಂಡವಿತ್ತು, ಈಗಲೂ ಇದೆ. ಅದು ದೊಡ್ಡವರ ತಂಡ. ಅಲ್ಲಿ ಇಪ್ಪತ್ತೈದರವರೂ ನಿಲ್ಲಬಹುದು, ಐವತ್ತರವರೂ ನಿಲ್ಲಬಹುದು. ಒಂದೇ ಊರಿನಲ್ಲಿ, ಒಂದೇ ಬಗೆಯ ವಾದ್ಯ ಹಿಡಿದವರಲ್ಲಿ, ಒಂದು ಕಡೆ ಸಹಜವಾದದ್ದು ಇನ್ನೊಂದು ಕಡೆ ತಪ್ಪು.

ಈ ಘಟನೆಗೆ ಅರ್ಧ ಶತಮಾನ ಕಳೆದಿದೆ. ಆದರೂ ಡ್ರಮ್ ಕೋರ್ ವಲಯದಲ್ಲಿ ವಯಸ್ಸಿನ ಮಾತು ಬಂದಾಗಲೆಲ್ಲ ಈ ಹೆಸರು ಬರುತ್ತದೆ. ಕಾರಣ ಸರಳ. ಅಲ್ಲಿ ವಯಸ್ಸಿನ ತಪ್ಪು ಬೆರಳೆಣಿಕೆಯವರದು, ಶಿಕ್ಷೆ ಇಡೀ ತಂಡದ ಮಕ್ಕಳದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಡ್ರಮ್ ಕೋರ್ ಎಂದರೆ ಬ್ರಾಸ್ ವಾದ್ಯ, ಡ್ರಮ್ ಮತ್ತು ಬಾವುಟ ಬೀಸುವ ಕಲರ್ ಗಾರ್ಡ್ ಸೇರಿದ ತಂಡ. ಅಮೆರಿಕನ್ ಫುಟ್‌ಬಾಲ್ ಮೈದಾನವೇ ಅದರ ರಂಗ. ಸುಮಾರು 11-12 ನಿಮಿಷದ ಒಂದೇ ಪ್ರದರ್ಶನವನ್ನು ಬೇಸಿಗೆ ಪೂರ್ತಿ ತಿದ್ದುತ್ತಾ, ಊರೂರು ತಿರುಗಿ ಸ್ಪರ್ಧಿಸುತ್ತಾರೆ. ಮೈಸೂರು ದಸರಾದ ಪಂಜಿನ ಕವಾಯತಿನಲ್ಲಿ ಬ್ಯಾಂಡ್ ಬಾರಿಸುತ್ತಾ ಸಾಲು ಹಿಡಿದು ನಡೆಯುವುದನ್ನು ಕಂಡವರು ಅದನ್ನೇ ಹತ್ತು ಪಟ್ಟು ವೇಗದಲ್ಲಿ ಊಹಿಸಿಕೊಳ್ಳಲಿ: ಸಾಲು ಒಡೆದು ಸುಳಿಯಾಗುತ್ತದೆ, ಸುಳಿ ಚೌಕವಾಗುತ್ತದೆ, ಊದುವವರು ಓಡುತ್ತಲೇ ಊದುತ್ತಾರೆ. ನಿಯಮಗಳನ್ನು ರೂಪಿಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ (ಡಿಸಿಐ) ಮೊದಲ ಚಾಂಪಿಯನ್‌ಷಿಪ್ ನಡೆಸಿದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ. ಈಗ ಫೈನಲ್ ನಡೆಯುವುದು ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ. ತಂಡದ ಗಾತ್ರ ದಶಕಗಳ ಕಾಲ 128ಕ್ಕೆ ಸೀಮಿತವಾಗಿತ್ತು, ನಂತರ ಹಂತಹಂತವಾಗಿ ಬೆಳೆದು 150 ದಾಟಿದೆ.

ಗೆರೆ ಎಲ್ಲಿದೆ

ಪ್ರಮುಖ ವಿಭಾಗಗಳ ನಿಯಮ ಹೀಗಿದೆ: ಆ ವರ್ಷದ ಜೂನ್ 1ಕ್ಕೆ ಮೊದಲೇ 22 ತುಂಬಿದವರಿಗೆ ಅವಕಾಶವಿಲ್ಲ. ಜೂನ್‌ನಲ್ಲೋ ಜುಲೈನಲ್ಲೋ 22 ತುಂಬಿದರೆ ಅಡ್ಡಿಯಿಲ್ಲ, ಸೀಸನ್ ಮುಗಿಯುವ ತನಕ ಆಡಬಹುದು. ಉದಾಹರಣೆಗೆ 2026ರ ಸೀಸನ್ ತೆಗೆದುಕೊಳ್ಳಿ. 2004ರ ಮೇ 20ರಂದು ಹುಟ್ಟಿದವನು ಹೊರಗೆ. 2004ರ ಜೂನ್ 10ರಂದು ಹುಟ್ಟಿದವನು ಒಳಗೆ. ಇಬ್ಬರ ನಡುವೆ ಮೂರು ವಾರದ ಅಂತರ, ಆದರೆ ಎರಡನೆಯವನಿಗೆ ಇನ್ನೊಂದು ಬೇಸಿಗೆ ಸಿಗುತ್ತದೆ. ಹೀಗೆ ಕೊನೆಯ ಸೀಸನ್ ಆಡುತ್ತಿರುವವರನ್ನು ಆ ವಲಯದಲ್ಲಿ ‘ಏಜ್-ಔಟ್’ ಎನ್ನುತ್ತಾರೆ. ಫೈನಲ್ ವಾರದಲ್ಲಿ ಅವರಿಗೆ ಪದಕ ಕೊಟ್ಟು ಬೀಳ್ಕೊಡುವ ಸಂಪ್ರದಾಯವೇ ಇದೆ.

ಜೂನ್ ಒಂದು ಎಂದೊಡನೆ ಕನ್ನಡಿಗರಿಗೆ ನಗು ಬಂದರೆ ತಪ್ಪಿಲ್ಲ. ಶಾಲೆ ಶುರುವಾಗುವ ದಿನಕ್ಕೆ ಲೆಕ್ಕ ಸರಿಹೋಗಲೆಂದು ಮೇಷ್ಟ್ರು ಬರೆದುಕೊಂಡ ‘1-6’ ಎಂಬ ಜನ್ಮದಿನ ನಮ್ಮ ಹಿಂದಿನ ತಲೆಮಾರಿನ ಅದೆಷ್ಟೋ ಜನರ ಅಂಕಪಟ್ಟಿಯಲ್ಲಿ ಈಗಲೂ ಕೂತಿದೆ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

22 ತುಂಬುವ ತನಕ ಎಂದರೆ 21ರವರೆಗೆ. ಈ 21 ಎಂಬ ಸಂಖ್ಯೆ ಎಲ್ಲಿಂದ ಬಂತು? ಮೊದಲ ಮಹಾಯುದ್ಧದ ನಂತರ ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಮೊದಲಾದ ಮಾಜಿ ಸೈನಿಕರ ಸಂಘಗಳು ಊರೂರಲ್ಲಿ ಇಂಥ ತಂಡಗಳನ್ನು ಸಾಕಿದವು. ಸೈನಿಕರದು ‘ಸೀನಿಯರ್’ ತಂಡ, ಅವರ ಮಕ್ಕಳು ಮತ್ತು ಊರಿನ ಹುಡುಗರದು ‘ಜೂನಿಯರ್’ ತಂಡ. ಆಗ ಅಮೆರಿಕದಲ್ಲಿ ಪ್ರಾಪ್ತವಯಸ್ಸು 21. ಪ್ರಾಪ್ತವಯಸ್ಸು ನಂತರ 18ಕ್ಕೆ ಇಳಿಯಿತು, ತಂಡಗಳು ಸಂಘಗಳ ಹಿಡಿತದಿಂದ ಹೊರಬಂದವು, ಆದರೆ ಜೂನಿಯರ್‌ನ ಗೆರೆ ಮಾತ್ರ ಹೆಚ್ಚುಕಡಿಮೆ ಅಲ್ಲೇ ಉಳಿಯಿತು.

ಈ ಗೆರೆಯನ್ನು ಸಮರ್ಥಿಸುವ ವಾದಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ದೊಡ್ಡವನಿಗೆ ದೇಹಬಲ ಹೆಚ್ಚು ಎಂಬ ಮಾತು ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಹದಿನಾಲ್ಕರ ಹುಡುಗರ ನಡುವೆ ಹದಿನಾರರವನು ವೇಗದ ಬೌಲಿಂಗ್ ಮಾಡಿದಾಗ ಆಗುವ ಅನ್ಯಾಯ 21 ಮತ್ತು 23ರ ನಡುವೆ ಆಗುವುದಿಲ್ಲ. ಇಲ್ಲಿನ ಲಾಭ ಅನುಭವದ್ದು. ಸೀಸನ್‌ಗೆ ಮುಂಚಿನ ತರಬೇತಿ ಶಿಬಿರದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ತಾಲೀಮು ನಡೆಯುತ್ತದೆ. ಅಂಥ ಐದು ಬೇಸಿಗೆ ಕಂಡ ಸ್ನೇರ್ ಡ್ರಮ್ ವಾದಕನಿಗೂ ಮೊದಲ ಬೇಸಿಗೆಯವನಿಗೂ ಇರುವ ದೂರ ಕಿವಿಗೇ ಕೇಳಿಸುತ್ತದೆ. ಅಂಕಗಳ ಅಂತರವೂ ಕೂದಲೆಳೆಯದು. ನೂರಕ್ಕೆ ಲೆಕ್ಕ ಹಾಕುವ ಈ ಸ್ಪರ್ಧೆಯಲ್ಲಿ 1996, 1999, 2000ರ ಫೈನಲ್‌ಗಳು ಸಮಬಲದಲ್ಲೇ ಮುಗಿದು ಎರಡೆರಡು ತಂಡಗಳು ಪ್ರಶಸ್ತಿ ಹಂಚಿಕೊಂಡಿವೆ. ಹೀಗಿರುವಾಗ ಒಬ್ಬ ಪಳಗಿದ ಕೈ ಹೆಚ್ಚಿದ್ದರೂ ಅದಕ್ಕೆ ಬೆಲೆಯಿದೆ.

ಇನ್ನೂ ಗಟ್ಟಿಯಾದ ಕಾರಣ ಬೇರೆ. ಈ ತಂಡಗಳು ರಾತ್ರಿ ಬಸ್ಸಿನಲ್ಲಿ ಸಾಗಿ, ಬೆಳಗಿನ ಜಾವ ಯಾವುದೋ ಶಾಲೆಯ ಜಿಮ್ನಾಸಿಯಂ ನೆಲದ ಮೇಲೆ ಹಾಸಿಗೆ ಬಿಚ್ಚುತ್ತವೆ. ಹದಿನೇಳರವರೂ ಇಪ್ಪತ್ತೊಂದರವರೂ ವಾರಗಟ್ಟಲೆ ಒಂದೇ ಸೂರಿನಡಿ ಇರುತ್ತಾರೆ. ಯಾರು ಸದಸ್ಯ, ಯಾರು ಸಿಬ್ಬಂದಿ ಎಂಬ ಗೆರೆ ಸ್ಪಷ್ಟವಾಗಿರಬೇಕಾದದ್ದು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ. ವಯಸ್ಸು ಮರೆಮಾಚಿದ ಸದಸ್ಯ ಆ ಗೆರೆಯ ಎರಡೂ ಕಡೆ ಕಾಲಿಟ್ಟವನು. ಮೂರನೆಯ ಕಾರಣ ಬರೀ ಲೆಕ್ಕಾಚಾರ: ಹಳಬರು ಜಾಗ ಬಿಡದಿದ್ದರೆ ಹೊಸಬರಿಗೆ ಜಾಗವಿಲ್ಲ.

ಮೀರುವುದು ಹೇಗೆ

ಖೊಟ್ಟಿ ಜನನ ಪ್ರಮಾಣಪತ್ರ ಮಾಡಿಸಿಕೊಂಡು ಬರುವ ಖದೀಮನನ್ನು ಮೊದಲು ಕಲ್ಪಿಸಿಕೊಳ್ಳುತ್ತೇವೆ. ಡ್ರಮ್ ಕೋರ್‌ನಲ್ಲಿ ಅಪಾಯ ಹೆಚ್ಚಾಗಿ ಬರುವುದು ಬೇರೆ ಬಾಗಿಲಿನಿಂದ, ಅದೂ ಸೀಸನ್ನಿನ ನಡುವೆ.

ಪ್ರದರ್ಶನವನ್ನು ಬರೆಯುವಾಗ ಪ್ರತಿ ಸದಸ್ಯನಿಗೂ ಮೈದಾನದ ಮೇಲೆ ಒಂದು ಚುಕ್ಕಿ ಗೊತ್ತುಮಾಡಿರುತ್ತಾರೆ. ಇಂಥ ತಾಳದಲ್ಲಿ ಇಂಥ ಗಜದ ಗೆರೆಯಿಂದ ಇಷ್ಟು ಹೆಜ್ಜೆ ಆಚೆ ಎಂದು ಲೆಕ್ಕ. ಜುಲೈ ನಡುವೆ ಒಬ್ಬನ ಕಾಲು ಉಳುಕಿತು, ಇನ್ನೊಬ್ಬನಿಗೆ ಮನೆಯಿಂದ ಕರೆ ಬಂತು ಅಂದುಕೊಳ್ಳಿ. ಚುಕ್ಕಿ ಖಾಲಿಯಾಗುತ್ತದೆ. ಆ ತಂಡಗಳ ಭಾಷೆಯಲ್ಲಿ ಇದು ‘ಹೋಲ್’. ಬಾಗಿದ ಗೆರೆಯಲ್ಲಿ ಹಲ್ಲು ಉದುರಿದ ಹಾಗೆ ಮೇಲಿನಿಂದ ಎದ್ದು ಕಾಣುತ್ತದೆ. ಈಗ ತಂಡದ ಮುಂದೆ ನಾಲ್ಕು ದಾರಿ: ಬದಲಿಯಾಗಿ ಇಟ್ಟುಕೊಂಡವನಿಗೆ ಆ ಚುಕ್ಕಿ ಕಲಿಸುವುದು, ಸುತ್ತಲಿನವರ ಚುಕ್ಕಿಗಳನ್ನು ತಿದ್ದಿ ಅಂತರ ಮುಚ್ಚುವುದು, ಖಾಲಿ ಬಿಟ್ಟು ನಡೆಯುವುದು, ಇಲ್ಲವೇ ಗೊತ್ತಿರುವ ಯಾರನ್ನಾದರೂ ಕರೆಸುವುದು. ನಾಲ್ಕನೆಯದರಲ್ಲಿ ಎಡವುತ್ತಾರೆ. ಆ ವಾರವೇ ಬಂದು, ಮೂರು ದಿನದಲ್ಲಿ ಇಡೀ ಪ್ರದರ್ಶನ ಕಲಿತು ನಿಲ್ಲಬಲ್ಲವರು ಯಾರು? ಕಳೆದ ವರ್ಷ ಏಜ್-ಔಟ್ ಆದವನು. ಅಥವಾ ತಂಡದ ಜೊತೆಗೇ ಬಸ್ಸಿನಲ್ಲಿರುವ, ಅದೇ ವಿಭಾಗಕ್ಕೆ ಪಾಠ ಹೇಳುವ ಕಿರಿಯ ತರಬೇತುದಾರ. ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಸಮವಸ್ತ್ರ ತೊಟ್ಟು ಹೆಲ್ಮೆಟ್ ಹಾಕಿದರೆ ನೂರೈವತ್ತು ಜನರಲ್ಲಿ ಅವನೊಬ್ಬ. ‘ಇವತ್ತೊಂದು ಪ್ರದರ್ಶನಕ್ಕೆ ತಾನೇ’ ಎಂದು ಶುರುವಾಗುವ ಇದಕ್ಕೆ ನಕಲಿ ದಾಖಲೆಯೇ ಬೇಕಿಲ್ಲ, ದಾಖಲೆ ಕೇಳುವವರು ಇಲ್ಲದಿದ್ದರೆ ಸಾಕು.

ಎರಡನೆಯ ಬಾಗಿಲು ಇನ್ನೂ ಸಣ್ಣದು: ದಿನಾಂಕ ಬರೆಯುವ ಕ್ರಮ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಇಂಗ್ಲೆಂಡ್, ಭಾರತ ಸೇರಿದಂತೆ ಬಹಳ ದೇಶಗಳಲ್ಲಿ ದಿನವೇ ಮೊದಲು. ಈ ತಂಡಗಳಿಗೆ ಹೊರದೇಶದಿಂದಲೂ ಸದಸ್ಯರು ಬರುತ್ತಾರೆ. ಮೇ 6ರಂದು ಹುಟ್ಟಿದವನು ಅಭ್ಯಾಸಬಲದಿಂದ 06/05/2004 ಎಂದು ತುಂಬಿದರೆ ಅಮೆರಿಕದ ಗಣಕಯಂತ್ರ ಅದನ್ನು ಜೂನ್ 5 ಎಂದು ಓದುತ್ತದೆ. ಅನರ್ಹನಾಗಬೇಕಿದ್ದವನು ಅರ್ಹನಾದ. ಯಾರೂ ಮೋಸ ಮಾಡಲಿಲ್ಲ, ಆದರೂ ನಿಯಮ ಮುರಿಯಿತು. ಮೇ ಮತ್ತು ಜೂನ್ ತಿಂಗಳುಗಳೇ ಗೆರೆಯ ಆಚೀಚೆ ಇರುವುದರಿಂದ ಈ ಅದಲುಬದಲು ಸರಿಯಾಗಿ ನೋಯುವ ಜಾಗದಲ್ಲೇ ಹೊಡೆಯುತ್ತದೆ. ನೋಂದಣಿ ಅರ್ಜಿಯಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಸದೆ ಅಕ್ಷರದಲ್ಲೇ ಬರೆಸುವುದು ಇದಕ್ಕಿರುವ ಖರ್ಚಿಲ್ಲದ ಮದ್ದು.

ಮೂರನೆಯದು ಉದ್ದೇಶಪೂರ್ವಕ ವಂಚನೆ: ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಇಸವಿಯ ಕೊನೆಯ ಅಂಕಿ ತಿದ್ದುವುದು, ತಮ್ಮನ ಗುರುತಿನ ಚೀಟಿ ಕೊಡುವುದು. ಇ-ಮೇಲ್‌ನಲ್ಲಿ ಬಂದ ಚಿತ್ರವನ್ನೇ ದಾಖಲೆ ಎಂದು ಇಟ್ಟುಕೊಳ್ಳುವ ಕಡೆ ಇದು ದಾಟಿಹೋಗುತ್ತದೆ. ಹಾಗೆಂದು ಇದನ್ನು ಮಾಡುವವರಿಗೆ ಹಣದ ಆಸೆಯೇನಿಲ್ಲ. ಡ್ರಮ್ ಕೋರ್‌ನಲ್ಲಿ ಸದಸ್ಯರಿಗೆ ಸಂಬಳವಿಲ್ಲ, ಬದಲಿಗೆ ಬೇಸಿಗೆಗೆ ಸಾವಿರಾರು ಡಾಲರ್ ಶುಲ್ಕವನ್ನು ಅವರೇ ಕಟ್ಟುತ್ತಾರೆ. ತನ್ನ ದುಡ್ಡು ಕೊಟ್ಟು, ಜಿಮ್ ನೆಲದ ಮೇಲೆ ಮಲಗಿ, ಬಿಸಿಲಲ್ಲಿ ಬೆಂದು, ಅದಕ್ಕಾಗಿ ಸುಳ್ಳೂ ಹೇಳುವುದೆಂದರೆ ಅದು ವ್ಯಾಮೋಹವೇ ಸರಿ. ವಯೋವಂಚನೆಯಲ್ಲಿ ಇದೊಂದು ವಿಚಿತ್ರ ತಳಿ.

ಮೂಳೆ ಮಾತಾಡುವುದು ಎಲ್ಲಿಯವರೆಗೆ

ಕ್ರಿಕೆಟ್‌ನಲ್ಲಿ ಮಾಡುವಂತೆ ಎಕ್ಸ್‌ರೇ ತೆಗೆಸಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮುಗಿಯುವುದಿಲ್ಲ. ಏಕೆಂದು ತಿಳಿಯಲು ಆ ಪರೀಕ್ಷೆಯ ಒಳಗು ನೋಡಬೇಕು.

ಭಾರತೀಯ ಕ್ರಿಕೆಟ್ ಮಂಡಳಿ ಬಳಸುವ ವಿಧಾನ ಟಿಡಬ್ಲ್ಯೂ3. ಎಡ ಅಂಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇಯಲ್ಲಿ 13 ಮೂಳೆಗಳನ್ನು ನೋಡುತ್ತಾರೆ: ಮುಂಗೈಯ ಎರಡು ಮೂಳೆಗಳ ತುದಿ, ಜೊತೆಗೆ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ಸಾಲಿನ ಹನ್ನೊಂದು ಸಣ್ಣ ಮೂಳೆಗಳು. ಬೆಳೆಯುವ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪಟ್ಟಿ ಇರುತ್ತದೆ. ಅದು ಎಷ್ಟು ಗಟ್ಟಿಯಾಗಿದೆ, ಎಷ್ಟು ಬೆಸೆದಿದೆ ಎಂದು ಒಂದೊಂದಕ್ಕೂ ಹಂತ ಗುರುತಿಸಿ ಅಂಕ ಕೊಡುತ್ತಾರೆ. ಎಲ್ಲವೂ ಪೂರ್ತಿ ಬೆಸೆದರೆ ಮೊತ್ತ 1000. ಹುಡುಗರಲ್ಲಿ ಆ ಸಾವಿರಕ್ಕೆ ಹೊಂದುವ ಮೂಳೆ ವಯಸ್ಸು 16.5, ಹುಡುಗಿಯರಲ್ಲಿ 15. ಅದರಾಚೆಗೆ ಈ ಅಳತೆಗೋಲಿನಲ್ಲಿ ಗೆರೆಗಳೇ ಇಲ್ಲ. ಹದಿನೇಳರವನ ಕೈಯೂ ಇಪ್ಪತ್ತೇಳರವನ ಕೈಯೂ ಒಂದೇ ಉತ್ತರ ಕೊಡುತ್ತವೆ. 16 ವರ್ಷದೊಳಗಿನ ಹುಡುಗರ ಕ್ರಿಕೆಟ್‌ನಲ್ಲಿ ಮೂಳೆ ವಯಸ್ಸಿನ ಮಿತಿ 16.4, 15ರೊಳಗಿನ ಹುಡುಗಿಯರಿಗೆ 14.9 ಎಂದಿರುವುದು ಇದಕ್ಕೇ. ಅಳತೆಗೋಲು ಮುಗಿಯುವುದಕ್ಕೆ ಒಂದು ಕೂದಲಷ್ಟು ಮುಂಚೆ ಗೆರೆ ಎಳೆದಿದ್ದಾರೆ.

ಫುಟ್‌ಬಾಲ್‌ನ ಫಿಫಾ ಸಂಸ್ಥೆ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಬಳಸತೊಡಗಿತು. ವಿಕಿರಣವಿಲ್ಲ ಎಂಬುದು ಅದರ ಗುಣ. ಮೂಳೆ ಬೆಸೆಯುವುದನ್ನು ಆರು ಹಂತವಾಗಿ ವಿಂಗಡಿಸಿ, ಆರನೆಯ ಹಂತ, ಅಂದರೆ ಪೂರ್ತಿ ಬೆಸುಗೆ, ಕಂಡರೆ ಹುಡುಗ 17 ದಾಟಿದ್ದಾನೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳುತ್ತಾರೆ. ಅದೂ 17ಕ್ಕೇ ನಿಲ್ಲುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಇನ್ನೂ ಬೆಸೆಯುತ್ತಿರುವ ಮೂಳೆ ಎಂದರೆ ಕೊರಳೆಲುಬಿನ ಎದೆಗೂಡಿನ ಕಡೆಯ ತುದಿ. ಅದನ್ನು ನೋಡಲು ಸಿಟಿ ಸ್ಕ್ಯಾನ್ ಬೇಕು. ಅದು ಕೊಡುವ ಉತ್ತರವೂ ಹಲವು ವರ್ಷಗಳ ಹರವು. ಮೇ 20ಕ್ಕೂ ಜೂನ್ 10ಕ್ಕೂ ವ್ಯತ್ಯಾಸ ಹೇಳಬಲ್ಲ ಯಂತ್ರ ಎಲ್ಲೂ ಇಲ್ಲ. ಟ್ರಂಪೆಟ್ ಊದುವ ಹುಡುಗಿಯ ಎದೆಗೆ ಅದಕ್ಕಾಗಿ ವಿಕಿರಣ ಹಾಯಿಸುವುದು ಸರಿಯೂ ಅಲ್ಲ.

ಮೂಳೆ ಪರೀಕ್ಷೆ ತನ್ನ ವ್ಯಾಪ್ತಿಯೊಳಗೂ ದಿನಾಂಕ ಹೇಳುವುದಿಲ್ಲ, ಬೆಳವಣಿಗೆ ಹೇಳುತ್ತದೆ. ಬೇಗ ಬೆಳೆದ ಪ್ರಾಮಾಣಿಕ ಹುಡುಗ ಅದರಲ್ಲಿ ಸೋಲುತ್ತಾನೆ. ಕ್ರಿಕೆಟ್ ಮಂಡಳಿ ಒಮ್ಮೆ ಅಳೆದ ಮೂಳೆ ವಯಸ್ಸಿಗೆ ಮುಂದಿನ ವರ್ಷ ಒಂದನ್ನು ಕೂಡಿಸಿಬಿಡುತ್ತಿತ್ತು. 15.4 ಬಂದವನಿಗೆ ಮರುವರ್ಷ 16.4, ಅರ್ಹ. 15.5 ಬಂದವನಿಗೆ 16.5, ಅನರ್ಹ. ಒಂದು ದಶಮಾಂಶಕ್ಕೆ ಒಂದು ವರ್ಷ ಹೋಯಿತು. 2025ರಲ್ಲಿ ಮಂಡಳಿ ಇಂಥ ಹುಡುಗರಿಗೆ ಎರಡನೇ ಪರೀಕ್ಷೆಯ ಅವಕಾಶ ಕೊಡಲು ಮುಂದಾದದ್ದು ಆ ಕಾರಣಕ್ಕೆ.

ಹಾಗಾಗಿ 19 ಎಂದೋ 21 ಎಂದೋ ಮಿತಿ ಇಟ್ಟ ಯಾವುದೇ ಸ್ಪರ್ಧೆಯಲ್ಲಿ ದೇಹ ಸಾಕ್ಷಿ ಹೇಳುವುದಿಲ್ಲ. ಉಳಿಯುವುದು ಕಾಗದ.

ಎರಡನೆಯ ಕಾಗದ

ವಯೋವಂಚನೆಯ ಹೆಸರಾಂತ ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಸಂಘಟಕರಿಗೆ ಕೊಟ್ಟ ಕಾಗದವನ್ನು ಭೂತಗನ್ನಡಿಯಲ್ಲಿ ನೋಡಿ ಹಿಡಿದದ್ದು ಕಡಿಮೆ. ಬೇರೆ ಯಾವುದೋ ಕೆಲಸಕ್ಕೆ, ಬೇರೆ ಯಾವಾಗಲೋ ಹುಟ್ಟಿದ ಎರಡನೆಯ ಕಾಗದ ಅವನ್ನು ಹಿಡಿದುಕೊಟ್ಟಿದೆ.

2001ರಲ್ಲಿ ಅಮೆರಿಕದ ಮಕ್ಕಳ ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ತಂಡವೊಂದರ ಹುಡುಗ ಎದುರಾಳಿಗಳನ್ನು ಕಂಗೆಡಿಸಿದ್ದ. ಮಿತಿ 12, ಅವನಿಗೆ 14. ಡೊಮಿನಿಕನ್ ಗಣರಾಜ್ಯದ ನೋಂದಣಿ ಕಚೇರಿಯಲ್ಲಿ ಅವನ ಹೆಸರಿಗೆ ಎರಡು ಜನನ ದಾಖಲೆಗಳು ಸಿಕ್ಕವು. ಒಂದರಲ್ಲಿ 1987, ಇನ್ನೊಂದರಲ್ಲಿ 1989. ಎರಡನೆಯದನ್ನು ನೋಂದಾಯಿಸಿದ್ದು ಬಹಳ ವರ್ಷಗಳ ನಂತರ. ತಂಡದ ಗೆಲುವುಗಳೆಲ್ಲ ರದ್ದಾದವು.

ಜಿಮ್ನಾಸ್ಟಿಕ್ಸ್‌ನಲ್ಲಿ ಕಥೆ ತಲೆಕೆಳಗು. ಅಲ್ಲಿ ಕನಿಷ್ಠ ವಯಸ್ಸು 16, ಆದ್ದರಿಂದ ಚಿಕ್ಕವರನ್ನು ದೊಡ್ಡವರೆಂದು ತೋರಿಸುತ್ತಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಚೀನಾ ತಂಡದ ಡಾಂಗ್ ಫಾಂಗ್‌ಶಿಯಾವೊ ಎಂಟು ವರ್ಷದ ನಂತರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಧಿಕಾರಿಯಾಗಿ ಕೆಲಸ ಮಾಡಲು ಗುರುತಿನ ಚೀಟಿ ಪಡೆದರು. ಅದರಲ್ಲಿ ಹುಟ್ಟಿದ ವರ್ಷ 1986 ಎಂದಿತ್ತು. ಆಟಗಾರ್ತಿಯಾಗಿ ಕೊಟ್ಟಿದ್ದು 1983. ಅಂದರೆ ಸಿಡ್ನಿಯಲ್ಲಿ 14. 2010ರಲ್ಲಿ ಪದಕ ಇಡೀ ತಂಡದ ಕೊರಳಿನಿಂದ ಇಳಿದು ಅಮೆರಿಕದ ಪಾಲಾಯಿತು.

ಡ್ರಮ್ ಕೋರ್ ವಲಯದಲ್ಲಿ ಎರಡನೆಯ ಕಾಗದಕ್ಕೆ ಬರವಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಜನನ ನೋಂದಣಿ ಆಸ್ಪತ್ರೆಯಿಂದಲೇ, ಹುಟ್ಟಿದ ಕೆಲವೇ ದಿನಗಳಲ್ಲಿ ಆಗುತ್ತದೆ. ಅದಲ್ಲದೆ ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಹೈಸ್ಕೂಲು ಮುಗಿಸಿದ ವರ್ಷ ಎಲ್ಲವೂ ಬೇರೆ ಬೇರೆ ಕೈಗಳಿಂದ ಬಂದವು. ಹೈಸ್ಕೂಲಿನ ವರ್ಷ ಒಳ್ಳೆಯ ಅಡ್ಡತಾಳೆ. 2022ರಲ್ಲಿ ಹನ್ನೆರಡನೇ ತರಗತಿ ಮುಗಿಸಿದವರು ಸುಮಾರಾಗಿ 2003ರ ಸೆಪ್ಟೆಂಬರ್‌ನಿಂದ 2004ರ ಆಗಸ್ಟ್ ಒಳಗೆ ಹುಟ್ಟಿರುತ್ತಾರೆ. 2026ರಲ್ಲಿ ಅವರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹುಟ್ಟಿದವರಿಗೆ ಮಾತ್ರ ಅವಕಾಶ. 2021ರ ಬ್ಯಾಚಿನವನು ಪಟ್ಟಿಯಲ್ಲಿದ್ದರೆ ದಾಖಲೆಯನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಬೇಕು. ಪದವಿ ಟೋಪಿ ತೊಟ್ಟ ಫೋಟೊವನ್ನು ಹುಡುಗರೇ ಹೆಮ್ಮೆಯಿಂದ ಜಾಲತಾಣದಲ್ಲಿ ಹಾಕಿರುತ್ತಾರೆ, ವರ್ಷದ ಸಮೇತ.

ನಮ್ಮಲ್ಲಿ ತೊಡಕು ಇರುವುದು ಇಲ್ಲೇ. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿದರೆ ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತಿದ್ದ ಕಾಲವಿತ್ತು. ನಮ್ಮ ಮೊದಲ ಮೂಳೆ ಪರೀಕ್ಷೆ ಅದೇ ಇರಬೇಕು. ಕಿವಿ ಮುಟ್ಟಿದವನಿಗೆ ಮೇಷ್ಟ್ರು ಬರೆದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಆಧಾರ್‌ಗೆ, ಪ್ಯಾನ್‌ಗೆ, ಪಾಸ್‌ಪೋರ್ಟ್‌ಗೆ. ಮೂರು ದಾಖಲೆ ತನ್ನಿ ಎಂದರೆ ಮೂರೂ ಬರುತ್ತವೆ, ಮೂರರಲ್ಲೂ ಒಂದೇ ದಿನಾಂಕ. ಒಂದೇ ಬಾವಿಯ ನೀರನ್ನು ಮೂರು ಕೊಡಪಾನದಲ್ಲಿ ತುಂಬಿಟ್ಟ ಹಾಗೆ. ಆಧಾರ್ ಜನ್ಮದಿನದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿತು, ಶಾಲಾ ವರ್ಗಾವಣೆ ಪತ್ರವೇ ಮೇಲು ಎಂದಿತು. ಶಾಲೆಯಲ್ಲಿ ಬರೆದದ್ದೇ ಅಂದಾಜಾಗಿದ್ದರೆ? ಜನನ ಮರಣ ನೋಂದಣಿ ಕಾಯ್ದೆಗೆ ಬಂದ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಜನ್ಮದಿನದ ದಾಖಲೆ. ಆ ಮಕ್ಕಳು 16ರೊಳಗಿನ ಪಂದ್ಯಾವಳಿಗೆ ಬರುವ ಹೊತ್ತಿಗೆ 2030ರ ದಶಕದ ಕೊನೆಯಾಗಿರುತ್ತದೆ.

ಅಲ್ಲಿಯವರೆಗೆ ನೋಡಬೇಕಾದದ್ದು ಪ್ರಮಾಣಪತ್ರದಲ್ಲಿನ ಜನ್ಮದಿನಕ್ಕಿಂತ ಹೆಚ್ಚಾಗಿ ನೋಂದಣಿಯಾದ ದಿನವನ್ನು. ಬ್ರಾಂಕ್ಸ್ ಹುಡುಗನ ಪ್ರಕರಣದಲ್ಲೂ ಗುಟ್ಟು ಅಲ್ಲೇ ಇತ್ತು. ಹುಟ್ಟಿ ಎರಡು ವರ್ಷ ಕಳೆದ ಮೇಲೆ ನೋಂದಣಿಯಾಗಿದ್ದರೆ ಅಂಥ ಆಟಗಾರ 19ರೊಳಗಿನ ಟೂರ್ನಿಗಳಲ್ಲಿ ಆಡಬಹುದಾದ ವರ್ಷಗಳಿಗೆ ಕ್ರಿಕೆಟ್ ಮಂಡಳಿ 2020ರಲ್ಲಿ ಮಿತಿ ಹಾಕಿತು. ಮೂಳೆ ಮೌನವಾಗುವ ವಯಸ್ಸಿಗೆ ಅದು ಕಂಡುಕೊಂಡ ದಾರಿ ಇದು.

ಬೆಂಗಳೂರಿನವರೇ ಆದ ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಜೂನಿಯರ್ ಕ್ರಿಕೆಟ್‌ನ ವಯೋವಂಚನೆಯ ಬಗ್ಗೆ ಕಟುವಾಗಿ ಮಾತಾಡಿದ್ದರು. ಮೋಸ ಮಾಡಿದ ಹುಡುಗ ಗೆಲ್ಲುವುದು ಪ್ರತಿಭೆಯಿಂದಲ್ಲ, ಮೈಕಟ್ಟಿನಿಂದ ಎಂಬುದು ಅವರ ವಾದದ ಒಂದು ತುದಿ. ಹುಡುಗನಿಗೆ ಮೊದಲ ಮೋಸವನ್ನು ಕಲಿಸುವವರು ತರಬೇತುದಾರರು, ಹೆತ್ತವರು ಎಂಬುದು ಇನ್ನೊಂದು ತುದಿ. ಮೊದಲನೆಯದು ಡ್ರಮ್ ಕೋರ್‌ಗೆ ಅಷ್ಟು ಒಪ್ಪುವುದಿಲ್ಲ. ಎರಡನೆಯದು ಅಕ್ಷರಶಃ ಒಪ್ಪುತ್ತದೆ: ಸಮವಸ್ತ್ರ ಕೊಟ್ಟು ಸಾಲಿಗೆ ನಿಲ್ಲಿಸುವವರು ದೊಡ್ಡವರೇ.

ಯಾರಿಗೆ ಎಷ್ಟು ಶಿಕ್ಷೆ

ಕ್ರಿಕೆಟ್‌ನಲ್ಲಿ ಒಬ್ಬನನ್ನು ನಿಷೇಧಿಸಿದರೆ ಹತ್ತು ಮಂದಿ ಮುಂದಿನ ಪಂದ್ಯ ಆಡುತ್ತಾರೆ. ಡ್ರಮ್ ಕೋರ್‌ನಲ್ಲಿ ಅಂಕ ಕೊಡುವುದು ಇಡೀ ತಂಡದ ಒಂದೇ ಪ್ರದರ್ಶನಕ್ಕೆ. ಒಬ್ಬನ ಪಾಲನ್ನು ಅದರಿಂದ ಕಳೆಯುವುದು ಹೇಗೆ? ಮೊಸರಿನಿಂದ ಒಂದು ಲೋಟ ಹಾಲನ್ನು ವಾಪಸು ತೆಗೆಯಲು ಬರುವುದಿಲ್ಲ. ಹಾಗಾಗಿ ತಂಡವನ್ನೇ ಅನರ್ಹಗೊಳಿಸುವುದು ತರ್ಕಕ್ಕೆ ಸರಿ. ಆದರೆ ಅದೇ ತಂಡದಲ್ಲಿ ಅದೇ ವರ್ಷ ಏಜ್-ಔಟ್ ಆಗುತ್ತಿರುವ, ಏನೂ ತಿಳಿಯದ ಇಪ್ಪತ್ತೊಂದರ ಹುಡುಗಿಗೆ ಮುಂದಿನ ವರ್ಷ ಎಂಬುದಿಲ್ಲ. ಒಬ್ಬ ಗೆರೆ ದಾಟಿ ಒಳಗೆ ಉಳಿದದ್ದಕ್ಕೆ, ಗೆರೆಯೊಳಗಿದ್ದವಳ ಕೊನೆಯ ಸೀಸನ್ ಹೋಯಿತು.

ಶಿಕ್ಷೆ ಇಷ್ಟು ಭಾರವಾದಾಗ ಇನ್ನೊಂದು ಕೆಡುಕೂ ಆಗುತ್ತದೆ. ವಿಷಯ ಗೊತ್ತಿದ್ದವರು ಬಾಯಿ ಬಿಡುವುದಿಲ್ಲ. ಜುಲೈನಲ್ಲಿ ಅನುಮಾನ ಬಂದ ಪಕ್ಕದ ಸಾಲಿನವನು ಹೇಳಿದರೆ ತನ್ನ ಕೈಯಾರೆ ತನ್ನ ಬೇಸಿಗೆಯನ್ನು ಮುಗಿಸಿಕೊಂಡಂತೆ. ಇದಕ್ಕೆ ಕ್ರಿಕೆಟ್ ಮಂಡಳಿ 2020ರಲ್ಲಿ ಮಾಡಿದ ಪ್ರಯೋಗ ಗಮನಾರ್ಹ. ನಿಗದಿತ ಗಡುವಿನೊಳಗೆ ತಾವಾಗಿ ಬಂದು ನಿಜವಾದ ವಯಸ್ಸು ಒಪ್ಪಿಕೊಂಡವರಿಗೆ ಶಿಕ್ಷೆಯಿಲ್ಲ, ಸರಿಯಾದ ವಯೋವರ್ಗದಲ್ಲಿ ಆಡಬಹುದು. ಗಡುವಿನ ನಂತರ ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ. ಕೇಂದ್ರ ಕ್ರೀಡಾ ಸಚಿವಾಲಯ 2010ರ ವಯೋವಂಚನೆ ತಡೆ ಸಂಹಿತೆಯನ್ನು ಪರಿಷ್ಕರಿಸಿ 2025ರಲ್ಲಿ ಹೊರಡಿಸಿದ ಕರಡಿನಲ್ಲೂ ಇದೇ ಜಾಡು ಕಾಣುತ್ತದೆ: ತಾವಾಗಿ ಒಪ್ಪಿಕೊಳ್ಳಲು ಆರು ತಿಂಗಳ ಅವಕಾಶ, ಮೊದಲ ತಪ್ಪಿಗೆ ಎರಡು ವರ್ಷ, ಮರುಕಳಿಸಿದರೆ ಆಜೀವ ನಿಷೇಧ ಮತ್ತು ಎಫ್‌ಐಆರ್, ದೂರು ಕೊಟ್ಟವರ ಹೆಸರು ಗುಟ್ಟಾಗಿಡುವ ವ್ಯವಸ್ಥೆ.

ದೂರಿನ ವ್ಯವಸ್ಥೆಗೆ ಇನ್ನೊಂದು ಮುಖವೂ ಉಂಟು. ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಮತ್ತು ಕುಟುಂಬದ ವಿರುದ್ಧ ಬೆಂಗಳೂರಿನಲ್ಲಿ ದಾಖಲಾಗಿದ್ದ ಜನ್ಮದಿನಾಂಕದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ರದ್ದುಪಡಿಸಿತು. ಒಮ್ಮೆ ತಾಗಿದ ಅನುಮಾನ ತೊಳೆದುಹೋಗಲು ವರ್ಷಗಳೇ ಬೇಕಾದವು. ಎದುರಾಳಿಯನ್ನು ಹಣಿಯಲು ವಯಸ್ಸಿನ ದೂರು ಅಗ್ಗದ ಆಯುಧವಾಗಬಹುದು. ಆದ್ದರಿಂದ ದೂರು ಬಂದ ಮೇಲೆ ಹುಡುಕುವುದಕ್ಕಿಂತ ಎಲ್ಲರನ್ನೂ ಮೊದಲೇ ಒಂದೇ ಜರಡಿಯಲ್ಲಿ ಹಾಯಿಸುವುದು ಆಟಗಾರನಿಗೂ ಕ್ಷೇಮ.

ಈ ಗೆರೆ ಕದಲಿಸಲಾಗದ ಕಲ್ಲೇನೂ ಅಲ್ಲ. ಕೋವಿಡ್‌ನಿಂದ 2020ರ ಸೀಸನ್ ರದ್ದಾದಾಗ ಆ ವರ್ಷ ಏಜ್-ಔಟ್ ಆಗಬೇಕಿದ್ದವರಿಗೆ 2021ರಲ್ಲಿ ಅವಕಾಶ ಕೊಟ್ಟರು. ಎಲ್ಲರಿಗೂ ಮೊದಲೇ ತಿಳಿಸಿ ಬದಲಿಸಿದ್ದರಿಂದ ಅದನ್ನು ಯಾರೂ ಮೋಸ ಎನ್ನಲಿಲ್ಲ. ದೊಡ್ಡವರ ತಂಡಗಳ ಸ್ಪರ್ಧೆಗಳೂ ಈಗ ‘ಆಲ್-ಏಜ್’ ವಿಭಾಗವಾಗಿ ಡಿಸಿಐ ಸೂರಿನಡಿ ಬಂದಿವೆ. 22 ದಾಟಿದ ಮೇಲೂ ಬಿಡಲಾಗದವನಿಗೆ ಸುಳ್ಳು ಹೇಳದೆ ನಿಲ್ಲಲು ಜಾಗವಿದೆ, ಆದರೆ ಆ ತಂಡಗಳದು ಹೆಚ್ಚಾಗಿ ವಾರಾಂತ್ಯದ ಬದುಕು. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಕಳೆಯುವ ಆ ಹುಚ್ಚಿಗೆ ಅದು ಪೂರ್ತಿ ಪರ್ಯಾಯವಲ್ಲ. ಒಳನುಸುಳುವ ಆಸೆ ಸಾಯದಿರುವುದು ಅದಕ್ಕೇ.

ತಂಡ ನಡೆಸುವವರ ಕೈಯಲ್ಲಿರುವ ಕೆಲಸ ನವೆಂಬರ್‌ನಿಂದಲೇ ಶುರುವಾಗುತ್ತದೆ, ಆಡಿಷನ್ ದಿನದಿಂದ. ಆವತ್ತೇ ಮೂಲ ದಾಖಲೆಯನ್ನು ಕಣ್ಣಾರೆ ನೋಡಬೇಕು, ಸ್ಕ್ಯಾನ್ ಪ್ರತಿ ಸಾಲದು. ಎರಡನೆಯ ದಾಖಲೆ ಬೇರೆ ಇಲಾಖೆಯದ್ದಾಗಿರಬೇಕು. ನೋಡಿದವರು ಸಹಿ ಹಾಕಬೇಕು, ಆ ಸಹಿ ವಾದ್ಯ ಕಲಿಸುವವರದ್ದಾಗಿರಬಾರದು. ಏಪ್ರಿಲ್‌ನಿಂದ ಆಗಸ್ಟ್ ನಡುವೆ ಹುಟ್ಟಿದ, ಕೊನೆಯ ಸೀಸನ್ನಿನಲ್ಲಿರುವವರ ಹೆಸರುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ಇನ್ನೊಬ್ಬರು ಮತ್ತೊಮ್ಮೆ ತಾಳೆ ನೋಡಬೇಕು. ನೂರೈವತ್ತು ಜನರಲ್ಲಿ ಅಂಥವರು ಬೆರಳೆಣಿಕೆಯಷ್ಟೇ ಇರುತ್ತಾರೆ, ಒಂದು ಮಧ್ಯಾಹ್ನದ ಕೆಲಸ. ಬದಲಿ ಸದಸ್ಯರ ದಾಖಲೆಯನ್ನೂ ಇದೇ ಹೊತ್ತಿಗೆ ಮುಗಿಸಬೇಕು. ಟೂರ್ ಹೊರಟ ಮೇಲೆ ಪಟ್ಟಿಗೆ ಸೇರುವ ಹೆಸರು ದಾಖಲೆ ಬರುವ ತನಕ ಸಮವಸ್ತ್ರ ತೊಡಬಾರದು, ಅದು ಎಷ್ಟೇ ಹಳೆಯ ಪರಿಚಯದ ಮುಖವಾದರೂ ಸರಿ. ಆ ಸಂಜೆ ಮೈದಾನದಲ್ಲಿ ಒಂದು ಚುಕ್ಕಿ ಖಾಲಿ ಉಳಿದರೆ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ, ಅಂಕದಲ್ಲಿ ದಶಮಾಂಶದ ಲೆಕ್ಕದಲ್ಲಿ ಏನೋ ಹೋಗುತ್ತದೆ. ಮರುದಿನದ ತಾಲೀಮಿನಲ್ಲಿ ಪಕ್ಕದವರ ಹೆಜ್ಜೆ ತಿದ್ದಿ ಅದನ್ನು ಮುಚ್ಚಬಹುದು.